ಮೂವತ್ತೆರಡನೇ ಸೆಕೆಂಡು

ಚಿಕ್ಕೋಡಿಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಮೆಹಂದಿ ಬೇಲಿ. ಆಡಿಗೆ ಅಡ್ಡಿ, ಮಾತಿಗಿಲ್ಲ. ಆಚೆ ಮನೆಯ ಹುಡುಗ ಕೊರೊನಾ ಕಾಲಕ್ಕೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದವನು ತಿರುಗಿ ಹೋಗಲೇ ಇಲ್ಲ. ಇಂಟರ್ನೆಟ್ಟಿನ ಮೇಲೆ ಫೋನು ಓಡಿಸುವ ಕೆಲಸ ಅವನದು. ಸಂಜೆ ಪೇರಲ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು, ನೌಕರಿ ಕೇಳಿ ಬಂದವರನ್ನು ಪರದೆಯ ಮೇಲೆ ಪರೀಕ್ಷೆ ಮಾಡುತ್ತಾನೆ. ಅದು ಇಂಗ್ಲಿಷಿನಲ್ಲಿ. ಮುಗಿದ ಮೇಲಿನ ಸಿಟ್ಟು ಮಾತ್ರ ನನ್ನ ಹತ್ತಿರ, ನಮ್ಮ ಭಾಷೆಯಲ್ಲಿ.

"ಕಾಕಾ, ಇವತ್ತಿನವ ಇನ್‌ವೈಟ್, ರಿಂಗಿಂಗ್, ಓಕೆ, ಆ್ಯಕ್, ಬೈ ಅಂತ ಮಗ್ಗಿ ಒಪ್ಪಿಸಿದಂಗ ಒಪ್ಪಿಸಿದ. ಫೋನ್ ಎತ್ತಿದ ಮ್ಯಾಲ ಬರೋಬ್ಬರಿ ಮೂವತ್ತೆರಡ ಸೆಕೆಂಡಿಗೆ ಕಟ್ ಆಗತೈತಿ, ಯಾಕ ಅಂತ ಕೇಳಿದೆ. ನೆಟ್‌ವರ್ಕ್ ಪ್ರಾಬ್ಲೆಮ್ ಅಂದ!"

"ಕಾಗವಾಡದಂವ ಇದ್ದಾನು ಬಿಡು," ಎಂದೆ. ರೋಮಿಂಗಿಗೆ ದುಡ್ಡು ಹಿಡಿಯುತ್ತಿದ್ದ ದಿನಗಳಲ್ಲಿ ಅಲ್ಲಿದ್ದ ನಮ್ಮ ಅಕ್ಕ ಫೋನ್ ಬಂದರೆ ಹಿತ್ತಲಿಗೆ ಓಡುತ್ತಿದ್ದಳು. ಅಂಗಳದಲ್ಲಿ ನಿಂತರೆ ಮಹಾರಾಷ್ಟ್ರದ ಟವರು, ಹಿತ್ತಲಲ್ಲಿ ಕರ್ನಾಟಕದ್ದು.

ಅವನು ನಗಲಿಲ್ಲ. ಮೂವತ್ತೆರಡು ಅನ್ನುವುದು ಹವೆಯ ಮೇಲೆ ಹೋಗುವ ಅಂಕಿಯಲ್ಲವಂತೆ.

ನಾನು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆದವನು. ತಿಳಿಸುವುದಾದರೆ ತಂಬಾಕಿನಲ್ಲೇ ತಿಳಿಸು ಎಂದೆ. ಹಾಗಾದರೆ ಆ ಇನ್‌ವೈಟ್, ಓಕೆ, ಬೈ ಎಲ್ಲ ಆಡುವ ಸಿಪ್ ಎಂಬ ಕಟ್ಟಳೆ ಅಂದರೆ ದಲಾಲ ಎಂದ. ಯಾರಿಗೆ ಯಾರು, ಯಾವ ದರ ಎಂದು ಕುದುರಿಸುತ್ತಾನೆ, ಮಾಲು ಹೊರುವುದಿಲ್ಲ. ಮಾತು ಬೇರೆ ಗಾಡಿಯಲ್ಲಿ, ಬೇರೆ ದಾರಿಯಲ್ಲಿ ಬರುತ್ತದೆ. ಈಗ ನಡೆಯುವ ಸಿಪ್ಪಿನ ನಿಯಮ ಬರೆದದ್ದು 2002ರಲ್ಲಿ. ನಮ್ಮ ಸರಕಾರ ಇಂಟರ್ನೆಟ್ ಫೋನಿಗೆ ಹೂಂ ಅಂದದ್ದೂ ಅದೇ ವರ್ಷ. ನಮ್ಮ ಕೈಯೊಳಗಿನ ವೋಲ್ಟಿ ಫೋನಿನ ಹೊಟ್ಟೆಯಲ್ಲೂ ಇದೇ ದಲಾಲ ಕೂತಿದ್ದಾನೆ.

ತೊಡಕು ವಿಳಾಸದ್ದು. ಹಳೆಯ ಲೆಕ್ಕದಲ್ಲಿ ಇಂಟರ್ನೆಟ್ಟಿಗಿರುವ ವಿಳಾಸ ಸುಮಾರು 429 ಕೋಟಿ, ಅಷ್ಟೇ. ಸಾಲುವುದಿಲ್ಲ ಎಂದು 1994ರಲ್ಲೇ ನ್ಯಾಟ್ ಎಂಬ ಹಂಚಿಕೆ ಬರೆದಿಟ್ಟರು. ನಿಪ್ಪಾಣಿಯಲ್ಲಿ ನಾನಿದ್ದ ವಾಡೆಯ ಹಾಗೆ: ಹನ್ನೊಂದು ಸಂಸಾರ, ಬೀದಿಗೆ ಒಂದೇ ಬಾಗಿಲು. ಒಳಗೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು. ಪಕ್ಕದ ವಾಡೆಯಲ್ಲೂ ಒಂದು, ಎರಡು, ಮೂರು. ರೂಟರಿನ ಒಳಗಿನ 192.168 ಅಂದರೆ ಆ ಸೀಮೆಸುಣ್ಣ. ಊರಿಂದ ಬಂದ ಕಾಗದದಲ್ಲಿ ಬರೀ "ಮೂರನೇ ಕೋಣೆ" ಎಂದಿದ್ದರೆ ಅಂಚೆಯವನು ಯಾವ ಓಣಿಗೆ ಹೋಗಬೇಕು?

"ಅಥಣಿ ಚಪ್ಪಲಿನೂ ನ್ಯಾಟೇ ಅಲ್ಲೇನೋ?" ಎಂದೆ. ಹೊಲಿದದ್ದು ಅಥಣಿಯಲ್ಲಿ, ಊರು ದಾಟಿದರೆ ಕೊಲ್ಹಾಪುರಿ. 2019ರ ಜಿಐ ಪಟ್ಟಿಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ, ಹೆಸರು ಮಾತ್ರ ಬದಲಾಗಿಲ್ಲ. ಹುಡುಗ ಈ ಸಲ ನಕ್ಕ.

ಚಪ್ಪಲಿಯ ಮಾತು ಸುಮ್ಮನೆ ಬರಲಿಲ್ಲ. ಅಥಣಿಯಲ್ಲಿ ಅಂಗಡಿ ಇಟ್ಟ ನನ್ನ ಅಳಿಯ ಇಂಟರ್ನೆಟ್ ಫೋನು ಹಾಕಿಸಿಕೊಂಡಿದ್ದ. ಗಿರಾಕಿ "ಏಳನೇ ನಂಬರ್ ಹತ್ತ ಜೋಡಿ, ಎಂಟನೇ ನಂಬರ್..." ಅನ್ನುವಷ್ಟರಲ್ಲಿ ಕಟ್. ತಿರುಗಿ ಮಾಡಿದರೆ ಮತ್ತೆ ಏಳನೇ ನಂಬರಿನಿಂದ ಶುರು, ಮತ್ತೆ ಎಂಟಕ್ಕೆ ಕಟ್. ಹಾಕಿಕೊಟ್ಟವರು ಎರಡು ಸಲ ವೈರು ಬದಲಿಸಿ ಎರಡು ಸಲ ರೊಕ್ಕ ಒಯ್ದರು. ಕೊನೆಗೆ ಹುಡುಗನೇ ಒಂದು ರವಿವಾರ ಹೋಗಿ ಗಡಿಯಾರ ಹಿಡಿದು ಕೂತ. ಅಲ್ಲಿಂದಲೇ ಆ ಪ್ರಶ್ನೆ ಹುಟ್ಟಿದ್ದು.

ಅಳಿಯ ಫೋನ್ ಎತ್ತಿದಾಗ ಅವನ ಫೋನು "ಓಕೆ" ಎಂದು ಕಳಿಸಿ, "ತಿಳೀತು" ಎಂಬ ಉತ್ತರಕ್ಕೆ ಕಾಯುತ್ತದೆ. ಆ ಉತ್ತರವೇ ಆ್ಯಕ್. ಓಕೆಯಲ್ಲಿ ಬರೆದ ವಿಳಾಸ ಕೆಟ್ಟಿದ್ದರೆ ಆ್ಯಕ್ ದಾರಿ ತಪ್ಪುತ್ತದೆ. ಉತ್ತರ ಬರಲಿಲ್ಲವೆಂದು ಅರ್ಧ ಸೆಕೆಂಡಿಗೆ ಮತ್ತೆ ಓಕೆ, ಆಮೇಲೆ ಒಂದು ಸೆಕೆಂಡಿಗೆ, ಎರಡಕ್ಕೆ, ನಾಲ್ಕಕ್ಕೆ. ಅರ್ಧ ಸೆಕೆಂಡಿನ ಅರವತ್ತನಾಲ್ಕರಷ್ಟು ಕಾದು, ಅಂದರೆ ಮೂವತ್ತೆರಡು ಸೆಕೆಂಡಿಗೆ, ಬೇಸತ್ತು "ಬೈ" ಅನ್ನುತ್ತದೆ. ಅಷ್ಟು ಹೊತ್ತೂ ಗಾಡಿ ನೆಟ್ಟಗೆ ಓಡುತ್ತಿದೆ, ಮಾತು ಸ್ವಚ್ಛ ಕೇಳುತ್ತಿದೆ. ಹಾಗಾಗಿಯೇ ಯಾರಿಗೂ ವಿಳಾಸದ ಮೇಲೆ ಸಂಶಯ ಬರುವುದಿಲ್ಲ.

ವಿಳಾಸ ಕೆಡಿಸಿದ್ದು ರೂಟರಿನ ಒಳಗಿನ ಎಎಲ್‌ಜಿ ಎಂಬ ಅತಿಜಾಣ. ನಮ್ಮ ವಾಡೆಯಲ್ಲೂ ಒಬ್ಬ ಮುದುಕಿ ಇದ್ದಳು, ಎಲ್ಲರ ಕಾಗದ ಒಡೆದು ವಿಳಾಸ ತಿದ್ದಿ ಕಳಿಸುತ್ತಿದ್ದಳು. ಒಳ್ಳೇ ಮನಸ್ಸಿನಿಂದಲೇ. ಹುಡುಗ ಎಎಲ್‌ಜಿ ಬಂದ್ ಮಾಡಿ, ಸ್ಟನ್ ಹಚ್ಚಿದ: ಬೀದಿಗೆ ಬಂದು "ಅಣ್ಣಾ, ಹೊರಗಿಂದ ನಮ್ಮ ಬಾಗಿಲ ಮ್ಯಾಲ ಎಷ್ಟ ನಂಬರ್ ಕಾಣತೈತಿ?" ಎಂದು ಕೇಳಿಕೊಂಡು ಅದನ್ನೇ ಬರೆಯುವ ಉಪಾಯ. 2003ರಲ್ಲಿ ಸ್ಟನ್ ಬಂದಾಗ ಅದರ ಮೊದಲಕ್ಷರ 'ಸಿಂಪಲ್' ಎಂಬುದರದಾಗಿತ್ತಂತೆ. 2008ರಲ್ಲಿ ಹೆಸರು ತಿದ್ದುವಾಗ ಆ ಶಬ್ದವನ್ನೇ ಕಿತ್ತು ಹಾಕಿದರು.

ಮೊನ್ನೆ ರಾಯಬಾಗದ ಕಡೆಯ ಒಬ್ಬ ಹುಡುಗಿ ಬಂದಿದ್ದಳಂತೆ. ಅದೇ ಪ್ರಶ್ನೆ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ, ತಿರುಗಿ ಕೇಳಿದಳು: "ಫೋನ್ ಎತ್ತಿದವರು ರೂಟರ್ ಒಳಗದಾರೋ ಹೊರಗದಾರೋ?" ಹುಡುಗ ಅಲ್ಲಿಗೇ ಪರೀಕ್ಷೆ ಮುಗಿಸಿ ನನ್ನನ್ನು ಬೇಲಿ ಹತ್ತಿರ ಕರೆದ.

ಅಳಿಯನ ಫೋನು ಈಗ ತಾಸುಗಟ್ಟಲೆ ಕಟ್ ಆಗುವುದಿಲ್ಲ. ದಿನಾ ರಾತ್ರಿ ಊಟದ ಹೊತ್ತಿಗೆ ಮಾಡುತ್ತಾನೆ, ಚರ್ಮದ ದರದಿಂದ ಶುರು ಮಾಡುತ್ತಾನೆ. ಹುಡುಗನ ಮೇಲೆ ನನಗಿರುವುದು ಅದೊಂದೇ ಸಿಟ್ಟು.