ಕೊಳದ ತಳಶೋಧನೆ

ಮನುಷ್ಯನಿಗೆ ಅರುವತ್ತು ತುಂಬಿ, ಕಚೇರಿಯ ಕಡತಗಳಿಂದ ಬಿಡುಗಡೆ ದೊರೆತು, ಹಿತ್ತಲಿನಲ್ಲಿ 10 ಅಡಿ ಉದ್ದ 7 ಅಡಿ ಅಗಲದ ಜಾಗವೊಂದು ನಿಷ್ಪ್ರಯೋಜಕವಾಗಿ ಬಿದ್ದಿದ್ದರೆ, ಆತನ ಮನಸ್ಸಿನಲ್ಲಿ ತಾವರೆಯ ಕೊಳವೊಂದು ತಾನಾಗಿ ಅರಳುವುದು ಸಹಜವೇ. ನಾನೂ ಎರಡೂವರೆ ಅಡಿ ಆಳಕ್ಕೆ ಅಗೆಸಿ, ಸಂಜೆ ನೀರು ತುಂಬಿಸಿ, ಮೈಸೂರಿನ ನಮ್ಮ ಬಡಾವಣೆಯಲ್ಲಿ ಮತ್ತಾರಿಗೂ ಇಲ್ಲದ ಜಲವೈಭವ ನನ್ನದಾಯಿತೆಂಬ ಗರ್ವದಿಂದ ಮಲಗಿದೆ. ಬೆಳಗಾಗೆದ್ದು ನೋಡಿದರೆ ಹಳ್ಳವಿದ್ದಿತು, ನೀರಿರಲಿಲ್ಲ. ತಳದಲ್ಲಿ ಕಪ್ಪೆಯೊಂದು ಕುಳಿತು, ಮೋಸಹೋದದ್ದು ತಾನೊಂದೇ ಅಲ್ಲವೆಂಬ ಸಮಾಧಾನದಿಂದ ನನ್ನನ್ನು ದಿಟ್ಟಿಸುತ್ತಿತ್ತು.

‘ಕೆರೆಗೆ ಹಾರ’ದ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ, ಕಿರಿಯ ಸೊಸೆ ಭಾಗೀರಥಿ ಆಹುತಿಯಾಗಬೇಕಾಯಿತು. ನನ್ನ ಕೊಳದ ಪ್ರಾರಬ್ಧ ಬೇರೆ. ಇಲ್ಲಿ ನೀರು ಬರುತ್ತದೆ, ನಿಲ್ಲಲೊಲ್ಲದು. ಈ ಸೂಕ್ಷ್ಮ ವ್ಯತ್ಯಾಸವನ್ನು ಮನೆಯವಳಿಗೆ ವಿವರಿಸಲು ಹೋದಾಗ ಆಕೆ, “ಈ ಮನೆಗೆ ಸೊಸೆ ಇನ್ನೂ ಬಂದಿಲ್ಲ, ನನ್ನ ಕಡೆ ನೋಡಬೇಡಿ” ಎಂದು ಒಳಕ್ಕೆ ಹೊರಟುಹೋದಳು.

ನೀರಾವರಿ ಇಲಾಖೆಯಿಂದ ನಿವೃತ್ತರಾದ ನೆರೆಮನೆಯ ಎಂಜಿನಿಯರರು ಹಳ್ಳದ ಅಂಚಿನಲ್ಲಿ ಕೈಕಟ್ಟಿ ನಿಂತು, “ಕನ್ನಂಬಾಡಿ ಕಟ್ಟೆಗೆ ಹಾಕಿದ್ದು ಸಿಮೆಂಟಲ್ಲ ಸ್ವಾಮಿ, ಸುರ್ಕಿ!” ಎಂದರು. ಇಟ್ಟಿಗೆಯ ಪುಡಿಯನ್ನೂ ಸುಣ್ಣವನ್ನೂ ಬೆರೆಸಿದ ಆ ಗಾರೆ ಕಾವೇರಿಯನ್ನೇ ತಡೆದು ನಿಲ್ಲಿಸಿರುವಾಗ ಯಃಕಶ್ಚಿತ್ ನಮ್ಮ ನಲ್ಲಿಯ ನೀರನ್ನು ತಡೆಯದೆ? ಅದಕ್ಕೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸಬೇಕೆಂದು ಅವರು ಹೇಳುತ್ತಿದ್ದಂತೆ, ನನಗೆ ಕೊಳ ಕಟ್ಟುವುದಕ್ಕಿಂತಲೂ ಬಾಣಂತಿಗೆ ಲೇಹ್ಯ ಮಾಡಿಸುವ ಭಾವವೇ ಬಲವಾಯಿತು. ಆದರೆ ಗಾರೆ ಅರೆಯುವ ಗಾಣವೂ, ಅದನ್ನು ಎಳೆಯುವ ಎತ್ತೂ, ಎತ್ತಿನ ಹಿಂದೆ ನಡೆಯುವ ತಾಳ್ಮೆಯೂ ಈ ಊರಿನಿಂದ ಎಂದೋ ಹೊರಟುಹೋಗಿವೆ.

ಮೇಸ್ತ್ರಿಯದು ಸಿಮೆಂಟಿನ ಪಕ್ಷ. ಹೊಸ ಸಿಮೆಂಟಿನಿಂದ ಸುಣ್ಣದ ಕ್ಷಾರ ನೀರಿಗಿಳಿದು ಮೀನುಗಳನ್ನು ಕೊಲ್ಲುವುದರಿಂದ, ತೊಟ್ಟಿಯನ್ನು ಹಲವು ಸಲ ತುಂಬಿಸಿ ಚೆಲ್ಲಬೇಕು, ಬಾಳೆದಿಂಡಿನ ತುಂಡುಗಳನ್ನು ಕೊಳೆಹಾಕಬೇಕು, ಆಮೇಲೆ ಮೀನು ಬಿಡಬೇಕು ಎಂದು ಆತನೇ ಒಪ್ಪಿಕೊಂಡ. ಲೆಕ್ಕ ಹಾಕಿ ನೋಡಿದೆ: ನನ್ನ ಹಳ್ಳ ಹಿಡಿಯುವುದು ಹೆಚ್ಚುಕಡಿಮೆ 5,000 ಲೀಟರು. ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಅಷ್ಟನ್ನು ಮೂರು ಬಾರಿ ಚರಂಡಿಗೆ ಸಮರ್ಪಿಸಿದ ಮೇಲೆ ಮೀನುಗಳು ಉಳಿದರೂ ನಾನು ಉಳಿಯುವೆನೆಂಬ ಭರವಸೆ ನನಗಿರಲಿಲ್ಲ. ಮುಂದೆ ಬಿರುಕು ಬಿಟ್ಟರೇನು ಗತಿಯೆಂದು ಕೇಳಿದುದಕ್ಕೆ, “ಸಿಮೆಂಟು ಅಂದ್ಮೇಲೆ ಬಿಡ್ತದೆ ಸಾರ್, ಬಂದು ಮುಚ್ಕೊಡ್ತೀನಿ” ಎಂದ. ಈ ವಾಗ್ದಾನವನ್ನು ಆತ ನಮ್ಮ ತಾರಸಿಯ ವಿಷಯದಲ್ಲಿಯೂ ಮಾಡಿದ್ದನೆಂಬುದು ನೆನಪಾಗಿ, ಕಾಫಿ ಕೊಟ್ಟು ಕಳುಹಿಸಿದೆ.

ನಿಜ ಹೇಳಬೇಕೆಂದರೆ ನನ್ನ ಒಲವೆಲ್ಲ ಮಣ್ಣಿನ ಮೇಲೆಯೇ ಇದ್ದಿತು. ಬಾಲ್ಯದಲ್ಲಿ ನಾನು ಕಂಡ ಭತ್ತದ ಗದ್ದೆಗೆ ಯಾವ ಗಾರೆಯೂ ಇರಲಿಲ್ಲ; ನೀರು ಕಟ್ಟಿ, ಉತ್ತು, ಎತ್ತುಗಳೂ ಆಳುಗಳೂ ಮೊಣಕಾಲುದ್ದ ಕೆಸರನ್ನು ತುಳಿತುಳಿದು ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತಿದ್ದುದರಿಂದ, ನೀರು ಕೆಳಗಿಳಿಯುವ ದಾರಿ ಕಾಣದೆ ಪೈರಿನ ಬುಡದಲ್ಲಿಯೇ ವಿಧೇಯವಾಗಿ ನಿಲ್ಲುತ್ತಿತ್ತು. ಈ ಸನಾತನ ವಿದ್ಯೆಯನ್ನು ಮರೆತು ಪರರ ಮುಂದೆ ಕೈಚಾಚುವುದೇಕೆಂದು, ಒಂದು ಟ್ರ್ಯಾಕ್ಟರ್ ಕೆರೆಗೋಡು ತರಿಸಿ, ಗೇಣುದಪ್ಪ ಹರಡಿಸಿ, ಇಬ್ಬರು ಆಳುಗಳೊಡನೆ ಪಂಚೆ ಎತ್ತಿಕಟ್ಟಿ ನಾನೂ ಇಳಿದೆ. ಕಾಂಪೌಂಡಿನ ಮೇಲೆ ಬಡಾವಣೆಯ ಬಾಲಕರೆಲ್ಲ ಸಾಲಾಗಿ ಕುಳಿತರು. ನಾನು ಎರಡು ಸಲ ಜಾರಿ ಬಿದ್ದೆನೆಂದು ಅವರು ಪ್ರಚಾರಮಾಡಿದುದು ಅತಿಶಯೋಕ್ತಿ. ಬಿದ್ದುದು ಒಂದೇ ಸಲ, ಎರಡನೆಯದು ಕುಳಿತುಕೊಂಡದ್ದು.

ನೀರು ನಿಂತಿತು! ಹನ್ನೊಂದು ದಿನ ನಿಂತಿತು. ಆಮೇಲೆ ನೆಂಟರ ಮದುವೆಗೆಂದು ನಾವು ಊರಿಗೆ ಹೋಗಿಬರುವಷ್ಟರಲ್ಲಿ, ಏಪ್ರಿಲ್ಲಿನ ಬಿಸಿಲಿಗೆ ನೀರಿಳಿದು, ಬಯಲಾದ ಜೇಡಿ ಒಣಗಿ ಹಪ್ಪಳದಂತೆ ಸೀಳಿತ್ತು. ಮಣ್ಣಿನ ಕೊಳಕ್ಕೆ ಒಮ್ಮೆಯೂ ಒಣಗುವ ಸ್ವಾತಂತ್ರ್ಯವಿಲ್ಲವೆಂಬುದು ಆಗ ತಿಳಿಯಿತು. ಉಳಿದುದನ್ನು ಹೆಗ್ಗಣವೊಂದು ಪೂರೈಸಿ, ಕೊಳದ ಪಾರ್ಶ್ವದಿಂದ ಬಚ್ಚಲಿನ ಕಡೆಗೆ ಸುಸಜ್ಜಿತವಾದ ಸುರಂಗಮಾರ್ಗವನ್ನು ನಿರ್ಮಿಸಿತ್ತು.

ಕೊನೆಗೆ ಗೆದ್ದವನು ಮಂಡ್ಯದ ಕಡೆ ಬೇಸಾಯ ಮಾಡುವ ನನ್ನ ಭಾವಮೈದುನ. “ನಮ್ಮ ಕೃಷಿ ಹೊಂಡಕ್ಕೆ ಹಾಸಿರೋ 500 ಮೈಕ್ರಾನ್ ಶೀಟೇ ಹಾಸಿ ಭಾವ, ಸುಮ್ಮನೆ ಯಾಕೆ ಒದ್ದಾಡ್ತೀರಿ” ಎಂದ. ತಾವರೆಗೆ ಪ್ಲಾಸ್ಟಿಕ್ಕಿನ ಪೀಠವೆ ಎಂದು ಮನಸ್ಸು ಹಿಂಜರಿದರೂ ಬೆನ್ನುನೋವು ಸಮ್ಮತಿಸಿತು. ಹಳ್ಳಕ್ಕೆ ಮೇಜುವಸ್ತ್ರದಂತೆ 10ಕ್ಕೆ 7 ಅಡಿಯ ಹಾಳೆ ಸಾಕೆಂದುಕೊಂಡಿದ್ದ ನನಗೆ, ಎರಡು ಬದಿಯ ಆಳವನ್ನೂ ಅಂಚಿಗೆ ಒಂದೊಂದು ಅಡಿಯನ್ನೂ ಕೂಡಿಸಿದರೆ ಅದು 17ಕ್ಕೆ 14 ಆಗುವುದೆಂದು ಆತ ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದ. ಕಲ್ಲು ಬೇರುಗಳನ್ನು ಆರಿಸಿ ತೆಗೆದು, ಮರಳು ಹರಡಿ, ಅದರ ಮೇಲೆ ನಮ್ಮ ಮದುವೆಯ ಕಾಲದ ಜಮಖಾನವನ್ನು ಮೆತ್ತೆಯಾಗಿ ಹಾಸಿ, ಹಾಳೆಯನ್ನು ಇಳಿಬಿಟ್ಟೆವು. ನೀರಿನ ಭಾರಕ್ಕೆ ಅದು ತಾನೇ ತನ್ನ ಸ್ಥಾನ ಹುಡುಕಿಕೊಂಡ ಮೇಲೆಯೇ ಅಂಚನ್ನು ಕತ್ತರಿಸಬೇಕಂತೆ, ಹಾಗೆಯೇ ಮಾಡಿದೆವು. ಸುತ್ತಲೂ ಇಣುಕುತ್ತಿದ್ದ ಆ ಕರಿಯ ಅಂಚು ಯಾರ ಕಣ್ಣಿಗೂ ಬೀಳದಿರಲೆಂದು ಅದರ ಮೇಲೆ ಗೋಣಿತಾಟು ಹೊದಿಸಿ ಮಣ್ಣು ಮುಚ್ಚಿದುದು ಮಾತ್ರ ನನ್ನ ಸ್ವಂತ ಪ್ರತಿಭೆ.

ಆದರೂ ನೀರು ಇಳಿಯತೊಡಗಿತು. ಎಂಜಿನಿಯರರ ಸೂಚನೆಯಂತೆ ಕೊಳದೊಳಗೆ ಇಟ್ಟಿಗೆಯ ಮೇಲೊಂದು ಬಕೆಟ್ಟನ್ನಿರಿಸಿ, ಹೊರಗಿನ ಮಟ್ಟಕ್ಕೇ ಒಳಗೂ ನೀರು ತುಂಬಿದೆ. ಬಿಸಿಲು ಎರಡಕ್ಕೂ ಒಂದೇ ಆದುದರಿಂದ, ಹೆಚ್ಚಾಗಿ ಇಳಿದದ್ದೆಲ್ಲ ಸೋರಿಕೆಯ ಲೆಕ್ಕ. ನಾಲ್ಕು ದಿನದಲ್ಲಿ ಬಕೆಟ್ಟು ಒಂದಂಗುಲ ಇಳಿದರೆ ಕೊಳ ಎರಡಂಗುಲ ಇಳಿಯಿತು. ಹಾಳೆಯ ಇಂಚಿಂಚನ್ನೂ ತಡವಿ ನೋಡಿದೆ. ಸೂಜಿಮೊನೆಯಷ್ಟು ತೂತೂ ಸಿಗಲಿಲ್ಲ. ಐದನೆಯ ದಿನ ಸೋತು ದಡದಲ್ಲಿ ಕುಳಿತಾಗ ಕಣ್ಣಿಗೆ ಬಿದ್ದಿತು: ನನ್ನ ಪ್ರತಿಭೆಯ ಆ ಗೋಣಿತಾಟಿನ ಒಂದಂಚು ನೀರಿನೊಳಗೆ ಇಳಿದು, ಹಣತೆಯ ಬತ್ತಿ ಎಣ್ಣೆ ಹೀರುವಂತೆ ಹಗಲಿರುಳೂ ನೀರನ್ನು ಹೀರಿ ಆಚೆಯ ಮಣ್ಣಿಗೆ ಸಾಗಿಸುತ್ತಿತ್ತು.

ಕತ್ತರಿ ತಂದು ಬಗ್ಗಿದೆನೋ ಇಲ್ಲವೋ, ಅಡುಗೆಮನೆಯ ಕಿಟಕಿಯಿಂದ “ಅದನ್ನ ಮುಟ್ಟಬೇಡಿ!” ಎಂಬ ಧ್ವನಿ ಬಂದಿತು. ಗೋಣಿತಾಟಿನ ಆಚೆ, ಪ್ರತಿ ಬೇಸಗೆಯಲ್ಲಿಯೂ ಸುಟ್ಟುಹೋಗುತ್ತಿದ್ದ ಒಂದೆಲಗದ ಪಾತಿ ಗಿಜಿಗಿಜಿಯಾಗಿ ಹಬ್ಬಿತ್ತು. ಸೋರಿಕೆಯ ಚಿಂತೆಯಲ್ಲಿ ಊಟಕ್ಕೆ ಕುಳಿತು, ಏನೆಂದು ಕೇಳದೆಯೇ ಎರಡೆರಡು ಸಲ ಬಡಿಸಿಕೊಂಡು, ಕಳೆದ ವಾರವೆಲ್ಲ ನಾನು ಹೊಗಳಿದ ತಂಬುಳಿಯ ಮೂಲ ಅದೇ ಆಗಿದ್ದಿತು. ಕತ್ತರಿಯನ್ನು ಕೆಳಗಿಟ್ಟೆ. ಈಗ ದಿನವೂ ಸಂಜೆ ನಾಲ್ಕು ಕೊಡ ನೀರನ್ನು ಕೊಳಕ್ಕೆ ಹೊಯ್ಯುತ್ತೇನೆ, ಕಪ್ಪೆ ನೋಡುತ್ತಿರುತ್ತದೆ.