ಹುಣಸೆ ಮರ ಕ್ಯಾಶುವಲ್ಲಂತೆ!

ಕುಣಿಗಲ್ ಕಡೆಯಿಂದ ಬಂದು, ಪೀಣ್ಯದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂವತ್ತು ವರ್ಷ ನಟ್ಟು, ಬೋಲ್ಟು, ಬೇರಿಂಗು ಎಣಿಸಿದವರಿಗೆ ನಿವೃತ್ತಿಯಾದ ಮರುದಿನದಿಂದ ಬೆರಳು ಸುಮ್ಮನಿರುವುದಿಲ್ಲ. ಮಾಕಳಿಯ ಬೀದಿಯವರ ಬಾಯಲ್ಲಿ ಸ್ಟೋರಪ್ಪ ಎಂದೇ ಆಗಿಹೋದ ಆ ಹಿರಿಯರು ಮೊದಲು ತುಮಕೂರು ರಸ್ತೆಯ ಲಾರಿಗಳನ್ನು ಎಣಿಸಿದರು. ಮೆಟ್ರೊ ಎಣಿಸೋಣವೆಂದರೆ ಅದು 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬಂದು, ಮಾಕಳಿಯ ಮುಖ ನೋಡದೆ ಅಲ್ಲಿಂದಲೇ ವಾಪಸಾಗುತ್ತಿದೆ.

‘ಎಣ್ಸೋದೇ ಆದ್ರೆ ಗಿಡ ಮರ ಎಣ್ಸು ತಾತ, ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ’ ಎಂದವಳು ಬಿ.ಎಸ್ಸಿ. ಓದುವ ಮೊಮ್ಮಗಳು. ಅವಳು ಕಾನೂನನ್ನೂ ಹೇಳಿದಳು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಒಂದು ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವೂ ಒಂದು ದಾಖಲೆ ಪುಸ್ತಕಕ್ಕೆ ಏರಬೇಕು. ಐಐಎಸ್‌ಸಿಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಇಂಥ ದಾಖಲಾತಿಗೆ ಕೈಹಾಕಿದ್ದರು. ಸರ್ಕಾರವೇ ಸ್ಟಾಕ್ ಬುಕ್ ಕೇಳುತ್ತಿದೆಯೆಂದರೆ ಸ್ಟೋರಪ್ಪನವರಿಗೆ ಇನ್ನೇನು ಬೇಕು? ರಟ್ಟಿನ ದಪ್ಪ ಪುಸ್ತಕ ಬಂತು. ಸ್ಕೇಲಿಟ್ಟು ಕೆಂಪು ಗೆರೆ ಎಳೆದದ್ದಾಯಿತು: ಕ್ರಮಸಂಖ್ಯೆ, ಹೆಸರು, ಸಂಖ್ಯೆ, ಮೂಲ, ಷರಾ.

ಆದರೆ ಮಾಕಳಿಯಲ್ಲಿ ಹುಡುಕಿದರೆ ಗೋಡೌನು ಸಿಕ್ಕೀತು, ಕಾಡೆಲ್ಲಿ? ಒಂದು ಭಾನುವಾರ ಮೊಮ್ಮಗಳ ಸ್ಕೂಟರಿನ ಹಿಂದೆ ಕೂತು ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ನಲ್ಲೂರಿನ ಹುಣಸೆ ತೋಪಿಗೆ ಹೋದರು. 54 ಎಕರೆ, ಸುಮಾರು 300 ಹಳೆಯ ಮರ. ಚೋಳರ ಕಾಲದ್ದೆಂದು ಪ್ರತೀತಿ. ಕೆಲವು ಮರಗಳಿಗೆ 400 ವರ್ಷ ದಾಟಿದೆಯೆಂದು ಅಂದಾಜು. 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದದ್ದು ಇದೇ.

ತೋಪಿನೊಳಗೆ ಕಾಲಿಟ್ಟೊಡನೆ ಸ್ಟೋರಪ್ಪ ನಿಂತು ಕಿವಿಗೊಟ್ಟರು. ಟಂಕ್, ಟಂಕ್, ಟಂಕ್. ‘ಭಾನುವಾರವೂ ಯಾರಪ್ಪಾ ಶೀಟ್ ಮೆಟಲ್ ಬಡೀತಿರೋದು?’ ಅದು ಕಂಚುಗಾರ ಹಕ್ಕಿ. ಅಂಗೈಯಗಲದ ಹಸಿರು ಹಕ್ಕಿ, ಹಣೆಗೆ ಕೆಂಪು ಬೊಟ್ಟು, ಓವರ್‌ಟೈಮ್ ಕೇಳದೆ ದಿನವಿಡೀ ಗಂಟಲಲ್ಲೇ ಕುಟ್ಟುತ್ತದೆ. ಷರಾ: ‘ಶಿಸ್ತಿನ ಕೆಲಸಗಾರ’. ಪೊಟರೆಯಿಂದ ಇಣುಕಿದ ಹಾಲಕ್ಕಿಯ ಮುಂದೆ ‘ನೈಟ್ ಶಿಫ್ಟ್’. ಕೊಂಬೆಗೆ ಅಂಟಿಕೊಂಡಿದ್ದ ಬದನಿಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ಅದರ ಎಲೆ ಹಸಿರೇ, ಊಟ ತಾನೇ ಮಾಡಿಕೊಳ್ಳುತ್ತದೆ. ನೀರು, ಲವಣ ಮಾತ್ರ ಮರದ್ದು. ಹಣ್ಣು ನುಂಗಿದ ಪುಟ್ಟ ಬದನಿಕೆ ಹಕ್ಕಿ ಅಂಟುಬೀಜವನ್ನು ಬೇರೆ ಕೊಂಬೆಗೆ ಒರೆಸಿ ಹೋಗುತ್ತದೆ, ಅಲ್ಲೊಂದು ಹೊಸ ಸಂಸಾರ. ‘ಬಾಡಿಗೆದಾರ. ನೀರಿನ ಬಿಲ್ಲು ಮಾಲೀಕನ ತಲೆಗೆ’ ಎಂದು ಬರೆದರು. ಸ್ವಂತ ಅನುಭವವಿರಬೇಕು.

ತಕರಾರು ಶುರುವಾದದ್ದು ‘ಮೂಲ’ದ ಕಾಲಮ್ಮಿನಲ್ಲಿ. ಲಂಟಾನ? ಅಮೆರಿಕ ಖಂಡದ್ದು, 19ನೇ ಶತಮಾನದ ಆರಂಭದಲ್ಲಿ ಅಂದಕ್ಕೆಂದು ತಂದದ್ದು. ಬಳ್ಳಾರಿ ಜಾಲಿ? ಅದೂ ಅಲ್ಲಿಯದೇ, ಬಳ್ಳಾರಿ ಬರೀ ಹೆಸರಿಗೆ.

‘ಹೋಗ್ಲಿ, ಹುಣಸೆಗೆ ನಲ್ಲೂರು ಅಂತ ಬರೀಲಾ?’

‘ಆಫ್ರಿಕಾ ತಾತ.’

ಸ್ಟೋರಪ್ಪ ಕನ್ನಡಕ ತೆಗೆದರು. ಅರಬರು ಇದನ್ನು ‘ತಮರ್ ಹಿಂದಿ’, ಹಿಂದೂಸ್ಥಾನದ ಖರ್ಜೂರ ಎಂದರು; ಸಸ್ಯವಿಜ್ಞಾನಿ ಲಿನೇಯಸ್ ಟ್ಯಾಮರಿಂಡಸ್ ಇಂಡಿಕಾ ಎಂದು ಭಾರತವನ್ನು ಎರಡೆರಡು ಸಲ ಸೇರಿಸಿದ. ಹುಟ್ಟು ಮಾತ್ರ ಆಫ್ರಿಕಾದಲ್ಲಿ, ಇಲ್ಲಿಗೆ ಬಂದದ್ದು ಸಾವಿರಾರು ವರ್ಷಗಳ ಹಿಂದೆ. ಮೆಕ್ಸಿಕೊ ಕಡೆಯಿಂದ ಇನ್ನೊಂದು ಮರ ಬಂದಾಗ ನಮ್ಮವರು ಅದಕ್ಕೆ ‘ಸೀಮೆಹುಣಸೆ’ ಎಂದರು, ಹಳೇ ಹುಣಸೆಯೇನೋ ನಮ್ಮ ಹಿತ್ತಲಲ್ಲೇ ಮೊಳೆತದ್ದೆಂಬಂತೆ. ಮೊದಲು ಬಂದ ಬಾಡಿಗೆದಾರ ಆಮೇಲೆ ಬಂದವನನ್ನು ‘ಹೊರಗಿನವರು’ ಎನ್ನುವುದು ಪೀಣ್ಯದ ವಠಾರಗಳಲ್ಲಿ ಹೊಸತಲ್ಲ.

ನಿಜವಾದ ಜಗಳ ಮನೆಗೆ ಬಂದ ಮೇಲೆ. ಮೊಮ್ಮಗಳು ಫೋಟೊಗಳನ್ನು ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಏರಿಸುತ್ತಿದ್ದಳು. ಅಲ್ಲಿನ ನಿಯಮ ಸರಳ: ಫೋಟೊ, ತಾರೀಕು, ಜಾಗ ಇದ್ದು, ಹೆಸರನ್ನು ಬೇರೆಯವರೂ ಒಪ್ಪಿದರೆ ಅದು ‘ರಿಸರ್ಚ್ ಗ್ರೇಡ್’. ಆದರೆ ಜೀವಿ ತಾನಾಗಿ ಬೆಳೆದಿರಬೇಕು. ಮನುಷ್ಯ ನೆಟ್ಟದ್ದಾದರೆ ‘ಕ್ಯಾಶುವಲ್’. ಹೀಗಾಗಿ ಕರೆಯದೆ ಬಂದು ಪೊದೆಕಟ್ಟಿದ ಲಂಟಾನ ರಿಸರ್ಚ್ ಗ್ರೇಡ್ ದಾರಿ ಹಿಡಿಯಿತು. ಯಾರೋ ಪುಣ್ಯಾತ್ಮರು ನೆಟ್ಟ ಹುಣಸೆ ಕ್ಯಾಶುವಲ್ಲಾಯಿತು.

‘ನಾನೂರು ವರ್ಷ ಸರ್ವಿಸ್! ಇನ್ನೂ ಕ್ಯಾಶುವಲ್ಲಾ?’ ಸ್ಟೋರಪ್ಪನವರ ದನಿ ಬೀದಿಗೆ ಕೇಳಿಸಿತು. ಕಾರ್ಖಾನೆಯಲ್ಲಿ ಹಂಗಾಮಿ ಕೆಲಸಗಾರರಿಗೆ ಇನ್ನೂರ ನಲವತ್ತು ದಿನ ತುಂಬುವ ಮೊದಲೇ ಬ್ರೇಕ್ ಕೊಟ್ಟು ಮತ್ತೆ ಕ್ಯಾಶುವಲ್ಲಾಗಿಯೇ ಸೇರಿಸಿಕೊಳ್ಳುವ ಆಟವನ್ನು ಕಣ್ಣಾರೆ ಕಂಡವರು ಅವರು. ಹುಣಸೆಗೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲವೆಂಬ ಗಾದೆಯನ್ನೂ ವಾದಕ್ಕೆ ಎಳೆತಂದರು. ಮೊಮ್ಮಗಳು ಉತ್ತರಿಸದೆ ಮುಂದಿನ ಫೋಟೊ ತೋರಿಸಿದಳು. ಹಾಲಕ್ಕಿ ಹಾರಿಹೋಗಿತ್ತು, ಚೌಕಟ್ಟಿನ ಮುಕ್ಕಾಲು ಪಾಲು ತಾತನ ಹೆಬ್ಬೆರಳು. ಅವಳು ಕೀಟಲೆಗೆ ಅದನ್ನೂ ಏರಿಸಿ ಹೆಸರು ಕೊಟ್ಟಿದ್ದಳು: ಹೋಮೋ ಸೇಪಿಯನ್ಸ್. ದರ್ಜೆ: ಕ್ಯಾಶುವಲ್. ಮನುಷ್ಯರಿಗೆ ಅಲ್ಲಿ ಅದಕ್ಕಿಂತ ಬಡ್ತಿಯಿಲ್ಲ.

ಸ್ಟೋರಪ್ಪ ರಟ್ಟಿನ ಪುಸ್ತಕ ತೆರೆದರು. ಹುಣಸೆಯ ಷರಾದಲ್ಲಿ ‘ಪರ್ಮನೆಂಟ್’ ಎಂದು ಬರೆದು ತಾರೀಕು ಹಾಕಿ ಸಹಿ ಮಾಡಿದರು. ಲೆಕ್ಕ ಬಿಟ್ಟುಹೋಗಬಾರದೆಂದು ಹೆಬ್ಬೆರಳಿಗೂ ಒಂದು ಸಾಲು ಕೊಟ್ಟರು. ಸಂಖ್ಯೆ: ಒಂದು. ‘ಮೂಲ’ದ ಕಾಲಮ್ಮಿಗೆ ಬಂದಾಗ ಪೆನ್ನು ಕಿತ್ತುಕೊಂಡ ಮೊಮ್ಮಗಳು ಅಲ್ಲಿಯೂ ‘ಆಫ್ರಿಕಾ’ ಎಂದು ಬರೆದಳು. ಸ್ಟೋರಪ್ಪ ಪೆನ್ನು ವಾಪಸು ಪಡೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದರು: ‘ವಯಾ ಕುಣಿಗಲ್’.