ಕಿರಾಣಿ ಘರಾಣೆ

ಮೂವತ್ತು ವರ್ಷ ಬ್ಯಾಂಕಿನಲ್ಲಿ ವೋಚರ್ ತಾಳೆ ನೋಡಿ ನಿವೃತ್ತನಾದವನು ನಾನು. ಆಮೇಲೆ ತಾಳೆ ನೋಡಲು ಮನೆಯಲ್ಲಿ ಉಳಿದಿದ್ದು ಹಾಲಿನವನ ಲೆಕ್ಕ ಒಂದೇ. ಅದರಲ್ಲೂ ಅರ್ಧ ಲೀಟರಿನ ವ್ಯತ್ಯಾಸ ಹಿಡಿದು ಜಗಳ ತೆಗೆದ ಮೇಲೆ ಹೆಂಡತಿ ಆ ಖಾತೆಯನ್ನೂ ನನ್ನ ಕೈಯಿಂದ ಕಸಿದುಕೊಂಡಳು. ಹೀಗೆ ಕೈ ಖಾಲಿ ಮಾಡಿಕೊಂಡು ಕೂತಿದ್ದ ಒಂದು ದಿನ ತಂಗಿಯ ಮಗಳು ಹುಬ್ಬಳ್ಳಿಯಿಂದ ಲ್ಯಾಪ್‌ಟಾಪ್ ಹೊತ್ತು ಧಾರವಾಡಕ್ಕೆ ಬಂದಳು.

“ಮಾಮಾ, ಗಂಗೂಬಾಯಿ ಹಾನಗಲ್ ಅವರ ಬಗ್ಗೆ ವಿಕಿಪೀಡಿಯಕ್ಕ ಬರಿಯಾಕತ್ತೀನಿ. ಹಾಕೂದಕ್ಕಿಂತ ಮೊದಲ ನೀವೊಂದು ಸಲ ನೋಡಿ, ಗುಣಮಟ್ಟ ಹೆಂಗದ ಹೇಳ್ರಿ.”

ಗುಣಮಟ್ಟ! ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನೊಳಗೆ ಮಲಗಿದ್ದ ಗುಮಾಸ್ತ ಎದ್ದು ಕೂತ. ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಪರದೆಯ ಮೇಲೆ ಗೀಚಬಾರದೆಂದು ಅವಳು ಎರಡು ಸಲ ಹೇಳಿ, ನಂಬಿಕೆ ಸಾಲದೆ, ಓಣಿಯ ತುದಿಯ ಝೆರಾಕ್ಸ್ ಅಂಗಡಿಗೆ ಹೋಗಿ ಹನ್ನೊಂದು ಪುಟ ಪ್ರಿಂಟ್ ತೆಗೆಸಿಕೊಂಡು ಬಂದಳು.

ಮೊದಲ ವಾಕ್ಯ ಹೀಗಿತ್ತು: ‘ಸ್ವರ ಸಾಮ್ರಾಜ್ಞಿ, ನಾದ ತಪಸ್ವಿನಿ, ಕರುನಾಡ ಕಣ್ಮಣಿ, ಸಂಗೀತ ಲೋಕದ ಧ್ರುವತಾರೆ, ವಿದುಷಿ ಡಾಕ್ಟರ್ ಶ್ರೀಮತಿ ಗಂಗೂಬಾಯಿ ಹಾನಗಲ್ ಅವರು...’ ಹೆಸರು ಬರುವಷ್ಟರಲ್ಲಿ ನನಗೆ ಉಸಿರು ಕಟ್ಟಿತು. ಕಿರಾನಾ ಘರಾಣೆಯವರ ವಿಲಂಬಿತ್ ಖ್ಯಾಲಿನಲ್ಲಿ ತಾಳದ ಸಮ್ ಬರಲು ಕೂಡ ಇಷ್ಟು ಕಾಯಬೇಕಾಗಿಲ್ಲ.

ತಪ್ಪು ಅವಳದ್ದಲ್ಲ. ನಮ್ಮ ಸಭೆಗಳ ನಿರೂಪಕರು ಬೆಳೆಸಿದ ರೂಢಿ ಅದು. ಓಣಿಯ ಗಣಪತಿ ಮುಂದೆ ಎರಡು ಭಾವಗೀತೆ ಹಾಡಿದವರೂ ನಮ್ಮಲ್ಲಿ ಗಾನಕೋಗಿಲೆಯಾಗದೆ ವೇದಿಕೆ ಇಳಿಯುವುದಿಲ್ಲ. ಹಾಗಿರುವಾಗ ಗಂಗೂಬಾಯಿಯಂಥವರಿಗೆ ಬರಿ ಹೆಸರು ಹಾಕಿದರೆ ಊರವರು ಏನಂದಾರು?

ಆದರೆ ಅವಳೇ ಓದಿ ಹೇಳಿದ ನಿಯಮ ಬೇರೆಯೇ ಇತ್ತು. ಇಂಗ್ಲಿಷ್ ವಿಕಿಪೀಡಿಯದ ಶೈಲಿ ಕೈಪಿಡಿಯಲ್ಲಿ ಇಂಥ ಶಬ್ದಗಳಿಗೆ ‘ನವಿಲು ಪದ’ ಎಂಬ ಅಡ್ಡಹೆಸರಿದೆಯಂತೆ. ಗರಿ ಬಿಚ್ಚಿ ಕುಣಿಯುತ್ತವೆ, ಏನನ್ನೂ ತಿಳಿಸುವುದಿಲ್ಲ. ತಮಾಷೆಯೆಂದರೆ ಆ ಕೈಪಿಡಿ ಉದಾಹರಣೆಗೆ ಹಿಡಿದಿರುವುದೂ ಒಬ್ಬ ಹಾಡುಗಾರನನ್ನೇ, ಬಾಬ್ ಡಿಲನ್‌ನನ್ನು. ಅವನನ್ನು ಅಪ್ರತಿಮ ಎಂದು ಹೊಗಳಬೇಡಿ, ಅವನು ಏನು ಮಾಡಿದ ಎಂಬುದನ್ನು ಹೇಳಿ ಎನ್ನುತ್ತದೆ. ಹಾಡುಗಾರರ ಬಗ್ಗೆ ಬರೆಯುವಾಗಲೇ ಜನ ಹದ ತಪ್ಪುತ್ತಾರೆಂಬುದು ಅಮೆರಿಕದಲ್ಲೂ ಗೊತ್ತಾಗಿದೆ ಎಂದಾಯಿತು.

ಸರಿ, ಗರಿ ಕೀಳಲು ಕೂತೆ. ‘ಅಪ್ರತಿಮ’ ಹೋಯಿತು. ‘ಅಮೋಘ’ ಹೋಯಿತು. ‘ಅನಭಿಷಿಕ್ತ ರಾಣಿ’ ಕಿರೀಟವಿಲ್ಲದೆ ಬಂದವಳು ಹಾಗೇ ಹೋದಳು. ಕೆಲಸ ಸಲೀಸಾಗಿ ಸಾಗಿ ಗುರುವಿನ ಹೆಸರಿನ ಹತ್ತಿರ ಗಕ್ಕನೆ ನಿಂತಿತು. ‘ಸವಾಯಿ ಗಂಧರ್ವ’. ಗಂಧರ್ವ ಎಂಬುದು ಹೊಗಳಿಕೆ. ಅದು ಸಾಲದೆಂದು ಸವಾಯಿ, ಅಂದರೆ ಒಂದೂಕಾಲು ಗಂಧರ್ವ. ಬ್ಯಾಂಕಿನ ಕಣ್ಣಿಗೆ ಇದು ಶೇಕಡಾ ಇಪ್ಪತ್ತೈದು ಬಡ್ಡಿ ಸೇರಿದ ಹೊಗಳಿಕೆ. ಗರಿ ಕಿತ್ತೆ. ಕೆಳಗೆ ಉಳಿದದ್ದು ರಾಮಭಾವು ಕುಂದಗೋಳಕರ.

“ಮಾಮಾ, ಹಿಂಗ ಬರದ್ರ ಕುಂದಗೋಳದಾಗೂ ಯಾರಿಗೂ ಗೊತ್ತಾಗಂಗಿಲ್ಲ” ಅಂದಳು. ನಿಜ. ಅಲ್ಲಿ ಬಿರುದೇ ಮನುಷ್ಯನನ್ನು ನುಂಗಿ ಹೆಸರಾಗಿ ಕೂತುಬಿಟ್ಟಿದೆ. ಜನ ಯಾವ ಹೆಸರಿನಿಂದ ಬಲ್ಲರೋ ಆ ಹೆಸರನ್ನೇ ಇಡಬೇಕೆಂಬ ನಿಯಮವೂ ವಿಕಿಪೀಡಿಯದಲ್ಲಿ ಉಂಟಂತೆ. ಕಿತ್ತ ಗರಿಯನ್ನು ಮತ್ತೆ ಸಿಕ್ಕಿಸಿದೆ.

ನಾಲ್ಕನೆಯ ಪುಟದಿಂದ ಭಾಷೆ ಇದ್ದಕ್ಕಿದ್ದಂತೆ ಬದಲಾಯಿತು. ‘ಗಂಗೂಬಾಯಿ ಅವರು ಕಿರಾಣಿ ಘರಾಣೆಗೆ ಸೇರಿದವರು.’ ಕನ್ನಡಕ ಒರೆಸಿ ಮತ್ತೆ ನೋಡಿದೆ. ಕಿರಾಣಿಯೇ. ಉತ್ತರಪ್ರದೇಶದ ಕೈರಾನಾ ಎಂಬ ಊರಿನಿಂದ ಹೆಸರು ಪಡೆದ, ಅಬ್ದುಲ್ ಕರೀಂ ಖಾನರು ನಮ್ಮ ಕಡೆಗೆ ತಂದು ಬೇರೂರಿಸಿದ ಕಿರಾನಾ ಘರಾಣೆ ಇಲ್ಲಿ ಬೆಲ್ಲ, ಶೇಂಗಾ, ತೊಗರಿಬೇಳೆ ತೂಗುತ್ತಾ ನಿಂತಿತ್ತು. ಮುಂದೆ ಓದಿದರೆ, ‘ಅವರು ಎಚ್‌ಎಂವಿ ಕಂಪನಿಗಾಗಿ ಅನೇಕ ದಾಖಲೆಗಳನ್ನು ನಿರ್ಮಿಸಿದರು’. ಉದ್ದ ಜಿಗಿತದಲ್ಲೋ ಗುಂಡು ಎಸೆತದಲ್ಲೋ ಹೇಳಿರಲಿಲ್ಲ. ಕೊನೆಯ ಪುಟದಲ್ಲಂತೂ ಅವರು ‘ಇಬ್ಬರು ಗಂಡುಮಕ್ಕಳಿಂದ ಬದುಕುಳಿದಿದ್ದರು’. ಅಷ್ಟು ಸಭ್ಯರಾದ ಮಕ್ಕಳು ತಾಯಿಗೆ ಏನು ಮಾಡಲು ಹೊರಟಿದ್ದರೆಂದು ಗಾಬರಿಯಾಯಿತು.

“ಇದನ್ನ ನೀನ ಬರದೀಯೇನವಾ?”

“ಅರ್ಧ ನಾ ಬರದೀನ್ರಿ. ಅರ್ಧ ಮಷೀನ್ ಮಾಡೇದ.”

ಮಷೀನಿಗೆ ಸಂಗೀತ ಗೊತ್ತಿಲ್ಲ, ಕಿರಾಣಿ ಗೊತ್ತಿದೆ. ಪರವಾಗಿಲ್ಲ, ಹೊಟ್ಟೆ ಮೊದಲು ಎಂದುಕೊಂಡು ಕೆಂಪು ಗೆರೆ ಎಳೆದೆ.

ಮುಂದಿನ ತೊಡಕು ನಮ್ಮ ಭಾಷೆಯದೇ. ‘ಗಂಗೂಬಾಯಿಯವರು ಅಂಬಾಬಾಯಿಯವರ ಮಗಳಾಗಿ ಜನಿಸಿದರು.’ ಹುಟ್ಟಿದ ಗಳಿಗೆಯಲ್ಲೇ ಬಹುವಚನ! 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದಾಗ ಆ ಹುಡುಗಿಗೆ ಹನ್ನೊಂದು ವರ್ಷ. ‘ಹುಡುಗಿಯು ಹಾಡಿದರು’ ಎಂದರೆ ವ್ಯಾಕರಣ ಕೆಡುತ್ತದೆ. ‘ಹಾಡಿದಳು’ ಎಂದರೆ ಮುಂದೆ ಪದ್ಮವಿಭೂಷಣ ಆಗುವವರಿಗೆ ಅಪಚಾರ. ಇಂಗ್ಲಿಷಿನವರು ‘ಷೀ’ ಎಂದು ಒಂದಕ್ಷರದಲ್ಲಿ ಪಾರಾಗುತ್ತಾರೆ. ನಾವು ತೊಟ್ಟಿಲ ಮುಂದೆ ಕೈಮುಗಿದು ನಿಲ್ಲಬೇಕು.

ಇಲ್ಲಿ ನನ್ನ ಬ್ಯಾಂಕಿನ ಅನುಭವ ಕೆಲಸಕ್ಕೆ ಬಂತು. ಕೌಂಟರಿಗೆ ಬಂದವರನ್ನು ನೀನು ಅನ್ನಬೇಕೋ ನೀವು ಅನ್ನಬೇಕೋ ಗೊತ್ತಾಗದಿದ್ದರೆ “ಎಲ್ಲಿಂದ ಬಂದದ್ದು? ಎಷ್ಟು ಕಟ್ಟೋದು?” ಎಂದು ಕೇಳಿ ಮೂವತ್ತು ವರ್ಷ ದೂಡಿದವನು ನಾನು. ಅದೇ ಉಪಾಯ ಹೂಡಿದೆ. ‘ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ಮೊದಲು ಸಂಗೀತ ಕೇಳಿದ್ದು ಕರ್ನಾಟಕ ಶೈಲಿಯಲ್ಲಿ ಹಾಡುತ್ತಿದ್ದ ತಾಯಿಯ ಬಾಯಲ್ಲಿ.’ ಏಕವಚನವೂ ಇಲ್ಲ, ಬಹುವಚನವೂ ಇಲ್ಲ. ಸೋದರ ಸೊಸೆಗೆ ಮೊದಲ ಸಲ ಮಾಮಾನ ಮೇಲೆ ಗೌರವ ಮೂಡಿದಂತೆ ಕಂಡಿತು.

ಅದು ಬಹಳ ಹೊತ್ತು ಉಳಿಯಲಿಲ್ಲ. ಅವಳು ‘ತಮ್ಮ 97ನೆಯ ವಯಸ್ಸಿನಲ್ಲಿ ನಿಧನ’ ಎಂದು ಬರೆದದ್ದನ್ನು ಹೊಡೆದು ನಾನು 96 ಮಾಡಿದೆ. ತೀರಿಕೊಂಡದ್ದು 2009ರ ಜುಲೈ 21. ಬೆರಳು ಮಡಚಿ ಎಣಿಸಿದರೂ ತೊಂಬತ್ತಾರೇ ತುಂಬಿದೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ತೊಂಬತ್ತಾರು ತುಂಬಿ ತೊಂಬತ್ತೇಳು ನಡ್ಯಾಕತ್ತಿತ್ತಲ್ರಿ!” ನಮ್ಮ ಮನೆಗಳಲ್ಲಿ ವಯಸ್ಸು ತುಂಬುವುದಕ್ಕಿಂತ ಹೆಚ್ಚಾಗಿ ನಡೆಯುತ್ತಿರುತ್ತದೆ. ಅದಕ್ಕಾಗಿಯೇ ಇರಬೇಕು, ನಮ್ಮ ಹಿರಿಯರ ಆಯುಷ್ಯ ಪತ್ರಿಕೆಯಲ್ಲಿ ಒಂದು, ಓಣಿಯಲ್ಲಿ ಒಂದು. ಇಬ್ಬರೂ ಸರಿ ಇದ್ದುದರಿಂದ ತಾರೀಖು ಮಾತ್ರ ಇಟ್ಟು ವಯಸ್ಸನ್ನು ಓದುಗರ ಬೆರಳಿಗೆ ಬಿಟ್ಟೆವು.

ಗಂಗೂಬಾಯಿಯವರ ಮೊದಮೊದಲ ಗ್ರಾಮೊಫೋನ್ ತಟ್ಟೆಗಳ ಮೇಲೆ ಇದ್ದ ಹೆಸರು ‘ಗಾಂಧಾರಿ’. ಸೊಸೆ ಇದನ್ನು ಬರೆದು, ಅಭ್ಯಾಸಬಲದಿಂದ ಆ ಪದಕ್ಕೊಂದು ಕೊಂಡಿ ಹಾಕಿದ್ದಳು. ಒತ್ತಿದರೆ ನೇರ ಹಸ್ತಿನಾವತಿ! ನೂರು ಮಕ್ಕಳ ತಾಯಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಕೊಂಡಿ ಬಿಚ್ಚಿದೆವು.

ಆಮೇಲೆ ಬಂತು ಧ್ವನಿಯ ವಿಷಯ. ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ತೆಳುವಾದ ಧ್ವನಿ ಗಡುಸಾಗಿ ಕೆಳಗಿಳಿದದ್ದು, ಆ ಗಂಡುಧ್ವನಿಯೇ ಅವರ ಗುರುತಾದದ್ದು ಎಲ್ಲರಿಗೂ ಗೊತ್ತು. ನನಗೆ ತಡೆಯಲಾಗಲಿಲ್ಲ. ನಮ್ಮ ಅಜ್ಜ ರೇಡಿಯೋದಲ್ಲಿ ಅವರ ಹಾಡು ಕೇಳಿ “ಯಾರಪ್ಪಾ ಈ ಬುವಾ? ಭಾಳ ದಮ್ಮಿನ ಮನಶ್ಯಾ ಅದಾನ” ಎಂದದ್ದು, ಕೊನೆಗೆ ಹೆಸರು ಹೇಳಿದಾಗ ಅಜ್ಜಿಯ ಕಡೆ ತಿರುಗಿ “ನೋಡು, ಹೆಂಗಸೂರು ಹಿಂಗೂ ಹಾಡ್ತಾರ” ಎಂದದ್ದು, ಅಜ್ಜಿ “ಹಾಡಾಕ ಯಾರ್ ಬಿಟ್ರಿ ನಮಗ?” ಎಂದು ಎದ್ದುಹೋದದ್ದು, ಎಲ್ಲವನ್ನೂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ.

ಸೊಸೆ ಓದಿದಳು, ನಕ್ಕಳು, ಮತ್ತೆ ಅದರ ಮುಂದೆ ಚೌಕ ಆವರಣ ಹಾಕಿ ಬರೆದಳು: ‘ಸಾಕ್ಷ್ಯಾಧಾರ ಬೇಕಾಗಿದೆ’.

“ಸಾಕ್ಷಿ ನಾನ ಅದೀನಲ್ಲ?”

“ನೀವು ನಡ್ಯಂಗಿಲ್ರಿ. ಪ್ರಕಟ ಆಗಿರಬೇಕು. ಅಜ್ಜಾರು ಏನರ ಪ್ರಕಟ ಮಾಡ್ಯಾರೇನು?”

“ಏಳು ಮಕ್ಕಳನ್ನ ಪ್ರಕಟ ಮಾಡ್ಯಾನ. ಒಂದನೇ ಆವೃತ್ತಿ ನಮ್ಮಪ್ಪ.”

ಅವಳು ಒಪ್ಪಲಿಲ್ಲ. ಸ್ವಂತ ಸಂಶೋಧನೆ ಸಲ್ಲದು ಎಂಬುದು ವಿಕಿಪೀಡಿಯದ ಮೂಲ ನಿಯಮಗಳಲ್ಲಿ ಒಂದು. ನಾನು ಅನ್ನಬೇಕಾದ ಮಾತನ್ನೇ ನನಗೆ ಅಂದಿದ್ದಳು: ವೋಚರ್ ಇಲ್ಲದ ಎಂಟ್ರಿ ಪಾಸಾಗುವುದಿಲ್ಲ. ಎಷ್ಟು ಜನರ ಮುಖಕ್ಕೆ ನಾನೇ ಈ ಮಾತು ಎಸೆದಿದ್ದೇನೋ. ತಾಗುವುದು ಹೇಗಿರುತ್ತದೆಂದು ಆವತ್ತು ಗೊತ್ತಾಯಿತು.

ಮುಖ ಸಣ್ಣ ಮಾಡಿಕೊಂಡು ಓದು ಮುಂದುವರಿಸಿದವನು ಏಳನೆಯ ಪುಟದ ನಡುವಿನ ಒಂದು ಸಾದಾ ವಾಕ್ಯಕ್ಕೆ ಬಂದು ನಿಂತೆ. ‘ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿಯುತ್ತಿದ್ದರು.’ ಅದಕ್ಕೆ ಒಂದೂ ಗರಿ ಇರಲಿಲ್ಲ. ಆ ದಾರಿಯಲ್ಲಿ ನಾನೂ ಓಡಾಡಿದ್ದೇನೆ. ಇವತ್ತಿಗೂ ಪ್ಯಾಸೆಂಜರ್ ತಪ್ಪಿದರೆ ನಾವು ಇಲಾಖೆಯನ್ನು ಶಪಿಸುತ್ತಾ ಮನೆಗೆ ಮರಳುವವರು. 1930ರ ದಶಕದ ಕೊನೆಯಲ್ಲಿ, ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಹಾಡುವ ಹೆಂಗಸೆಂದರೆ ಊರು ಹೇಗೆ ನೋಡುತ್ತಿತ್ತೋ ಹಾಗೆ ನೋಡಿಸಿಕೊಳ್ಳುತ್ತಾ, ಒಬ್ಬ ತಾಯಿ ಪಾಠಕ್ಕಾಗಿ ಆ ರೈಲು ಹತ್ತುತ್ತಿದ್ದಳು. ‘ನಾದ ತಪಸ್ವಿನಿ’ ಎಂದು ನಾಲ್ಕು ಸಲ ಓದಿದಾಗ ನನಗೆ ಏನೂ ಆಗಿರಲಿಲ್ಲ. ರೈಲು ಎಂದಾಗ ಆಯಿತು.

ಆ ಸಾಲಿಗೆ ಆಧಾರವೂ ಇತ್ತು. ಕೆಂಪು ಪೆನ್ನಿನಿಂದ ಒಂದು ಸರಿ ಗುರುತು ಹಾಕಿದೆ. ಹನ್ನೊಂದು ಪುಟದಲ್ಲಿ ಮೊದಲನೆಯದು.

ಪ್ರಶಸ್ತಿಗಳ ಪಟ್ಟಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1971ರ ಪದ್ಮಭೂಷಣ, 1973ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರ ಪದ್ಮವಿಭೂಷಣ ಉಳಿದವು. ಶಾಲು, ಹಾರ, ಫಲತಾಂಬೂಲಗಳು ಹೋದವು. ಆದರೆ ಸೊಸೆ ಒಂದು ಕಡೆ ಪಟ್ಟು ಹಿಡಿದಳು. “ವಿದುಷಿ ಅಷ್ಟರ ಇರಲ್ರಿ ಮಾಮಾ.” ಅದಕ್ಕೆ ಕಾರಣವಿತ್ತು. ಹಾಡುವ ಗಂಡಸು ಹಿಂದೂ ಆದರೆ ಪಂಡಿತ, ಮುಸ್ಲಿಮನಾದರೆ ಉಸ್ತಾದ, ಕೇಸರಬಾಯಿ ಮೋಗುಬಾಯಿಯಂಥ ಹೆಂಗಸರು ಮಾತ್ರ ಕೊನೆಯವರೆಗೂ ಬರಿ ಬಾಯಿಗಳು ಎಂದು ಗಂಗೂಬಾಯಿಯವರೇ ಚುಚ್ಚಿ ಹೇಳಿದ್ದುಂಟು. ಆ ಲೆಕ್ಕ ಚುಕ್ತಾ ಮಾಡಬೇಕೆಂದು ಹುಡುಗಿಯ ಆಸೆ.

ನಿಯಮ ತೆಗೆದು ನೋಡಿದೆವು. ಇಂಥ ಗೌರವ ಪದಗಳು ಹೆಸರಿನ ಹಿಂದೆ ಬರುವಂತಿಲ್ಲ, ಯಾರಿಗೂ ಇಲ್ಲ. ಗುರುಬಂಧು ಭೀಮಸೇನ ಜೋಶಿಯವರ ಪಂಡಿತಗಿರಿಯೂ ಹೋಗುತ್ತದೆ, ಅಬ್ದುಲ್ ಕರೀಂ ಖಾನರ ಉಸ್ತಾದಗಿರಿಯೂ ಹೋಗುತ್ತದೆ. ಗಂಡಸರೆಲ್ಲ ಪೇಟ ಕಳಚಿಟ್ಟು ಬರಿದಲೆಯಲ್ಲಿ ನಿಂತರು. ಆದರೆ ಬಾಯಿ ಹೆಸರಿನೊಳಗೇ ಬೆಸೆದುಕೊಂಡಿದೆ. ಅದನ್ನು ಯಾವ ನಿಯಮವೂ ಕೀಳಲಾರದು. ಸೊಸೆ ಒಂದು ಗಳಿಗೆ ಯೋಚಿಸಿ, ತಾನೇ ‘ವಿದುಷಿ’ಯನ್ನು ಅಳಿಸಿದಳು.

ಇನ್ನು ಉಳಿದದ್ದು ನನ್ನ ಹಟ. ಅಜ್ಜ ಹೋದರೆ ಹೋಗಲಿ, ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ರಾತ್ರಿ ನಾನೇ ಕೂತು ಕೇಳಿದ ಗಂಗೂಬಾಯಿಯವರ ಆ ಬೆಳಗಿನ ಜಾವದ ಹಾಡು? ಮಗಳು ಕೃಷ್ಣಾ ಪಕ್ಕದಲ್ಲಿ ಸ್ವರ ಕೊಡುತ್ತಿದ್ದದ್ದು? ಅದು ಪತ್ರಿಕೆಯಲ್ಲಿ ಬಂದಿತ್ತು. ಕತ್ತರಿಸಿ ಇಟ್ಟಿದ್ದೆ. ವೋಚರ್ ಇದೆ!

ಟ್ರಂಕು ತೆಗೆದೆ, ಅಟ್ಟ ಹತ್ತಿದೆ, ಎಲ್ಐಸಿ ಪಾಲಿಸಿಗಳ ನಡುವೆ ಹುಡುಕಿದೆ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: “ಗಂಗೂಬಾಯಿ ಫೋಟೋ ಇದ್ದ ಪೇಪರ್ ಏನ್ರಿ? ಅದು ಉಪ್ಪಿನಕಾಯಿ ಭರಣಿ ಕೆಳಗ ಅದ.”

ಇತ್ತು. ಭರಣಿಯ ತಳದ ಎಣ್ಣೆ ಇಂಗಿ ಪೂರ್ತಿ ಪಾರದರ್ಶಕವಾಗಿತ್ತು, ಸಾರ್ವಜನಿಕ ಜೀವನದಲ್ಲಿ ಅಪರೂಪವಾದ ಗುಣ. ವರದಿ ಪೂರ್ತಿ ಓದಬಹುದಿತ್ತು. ಹಾಡಿದವರ ಹೆಸರು, ತಬಲಾದವರ ಹೆಸರು, ಜನ ತುಂಬಿದ್ದ ವಾಡೆ, ಎಲ್ಲ ಇತ್ತು. ಆದರೆ ಕಪಾಟಿನ ಅಳತೆಗೆ ಸರಿಯಾಗಲೆಂದು ಹೆಂಡತಿ ಮೇಲಿನ ಅಂಚನ್ನು ಕತ್ತರಿಯಿಂದ ಚಂದವಾಗಿ ಕಮಲದ ಎಸಳಿನ ಹಾಗೆ ಕತ್ತರಿಸಿದ್ದಳು. ಪತ್ರಿಕೆಯ ಹೆಸರೂ ತಾರೀಖೂ ಆ ಎಸಳುಗಳೊಂದಿಗೆ ಹೋಗಿದ್ದವು.

“ತಾರೀಖಿಲ್ಲದ ಪೇಪರು ಆಧಾರ ಆಗಂಗಿಲ್ರಿ ಮಾಮಾ” ಎಂದಳು ಸೊಸೆ, ಈ ಸಲ ನಗದೆ.

ಮಷೀನನ್ನು ನಾನು ಸುಮ್ಮನೆ ಹಳಿದೆ ಅನಿಸಿತು. ನಮ್ಮ ಸಂಗೀತದ ಚರಿತ್ರೆಯ ಮುಕ್ಕಾಲು ಪಾಲು ಶೇಂಗಾ ಕಟ್ಟಿದ ಪೊಟ್ಟಣದಲ್ಲಿ, ಬೆಲ್ಲ ಸುತ್ತಿದ ಕಾಗದದಲ್ಲಿ, ಭರಣಿಯ ಅಡಿಯಲ್ಲಿ ಇದೆ. ಕಿರಾಣಿ ಘರಾಣೆ ಅಂದದ್ದರಲ್ಲಿ ತಪ್ಪೇನು?

ಗುಣಮಟ್ಟದ ವರದಿ ಕೊಟ್ಟೆ: ಹನ್ನೊಂದು ಪುಟ ನಾಲ್ಕಾಗಿದೆ, ನಾಲ್ಕೂ ಪಾಸು. ಅಜ್ಜನ ಮಾತು ಮತ್ತು ಕುಂದಗೋಳದ ಬೆಳಗು ಸಸ್ಪೆನ್ಸ್ ಖಾತೆಯಲ್ಲಿವೆ. ನಿಮ್ಮ ಮನೆಯಲ್ಲೂ ಇಂಥ ತುಣುಕುಗಳಿದ್ದರೆ ಕಪಾಟಿಗೆ ಬೇಕಾದರೆ ಹಾಸಿ, ಅಡ್ಡಿಯಿಲ್ಲ. ಕತ್ತರಿ ಆಡಿಸುವಾಗ ಮಾತ್ರ ಮೇಲಿನ ತಾರೀಖು ಉಳಿಸಿ.